ನುಚ್ಚಕ್ಕಿಯ ಲೆಕ್ಕ

ಅಕ್ಕಿ ಕಡುಬು ಮಾಡಬೇಕೆಂದರೆ ಈಗ ನಾವು ಒಳ್ಳೆಯ ಇಡಿ ಅಕ್ಕಿಯನ್ನು ಮಿಕ್ಸಿಗೆ ಹಾಕಿ ಒಡೆಯುತ್ತೇವೆ. ಬಣಕಲ್, ಮೂಡಿಗೆರೆ, ಕಳಸದ ಕಡೆಯ ಹಳೆಯ ಅಡುಗೆಮನೆಗಳಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಮನೆಯ ಹಿರಿಯರು ಬೈಯುತ್ತಿದ್ದರು. ಭತ್ತ ಕುಟ್ಟಿದಾಗ, ಆಮೇಲಾಮೇಲೆ ಮಿಲ್ಲಿಗೆ ಕೊಟ್ಟಾಗ, ಇಡಿ ಅಕ್ಕಿ, ನುಚ್ಚು, ತೌಡು ಬೇರೆ ಬೇರೆಯಾಗುತ್ತಿದ್ದವು. ಇಡಿ ಅಕ್ಕಿ ಮಾರಾಟಕ್ಕೆ, ನೆಂಟರಿಗೆ, ಹಬ್ಬಕ್ಕೆ. ತೌಡು ದನಕ್ಕೆ. ನುಚ್ಚು ಮನೆಯವರಿಗೆ ಮತ್ತು ಕೂಲಿಯವರಿಗೆ. ನುಚ್ಚನ್ನು ಅನ್ನ ಮಾಡಿದರೆ ಮುದ್ದೆಯಾಗುತ್ತದೆ, ಗಂಜಿ ಮಾಡಿದರೆ ಬೇಗ ಹಸಿವಾಗುತ್ತದೆ. ಅದನ್ನೇ ಕುದಿನೀರಿನಲ್ಲಿ ಬಾಡಿಸಿ, ನಾದಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದರೆ ಕೈಯಲ್ಲಿ ಹಿಡಿದು ತಿನ್ನಬಹುದಾದ, ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೆ ನಿಲ್ಲುವ ಪದಾರ್ಥವಾಗುತ್ತದೆ. ಕಡುಬು ಹುಟ್ಟಿದ್ದೇ ಹೀಗೆ ಎಂದು ನಾನು ಸಾಧಿಸಿ ತೋರಿಸಲಾರೆ. ಆದರೆ ಅದು ಮಲೆನಾಡಿನಲ್ಲಿ ದಿನನಿತ್ಯದ ತಿಂಡಿಯಾಗಿ ಉಳಿದದ್ದಕ್ಕೆ ರುಚಿಗಿಂತ ಹೆಚ್ಚಾಗಿ ಈ ಲೆಕ್ಕವೇ ಕಾರಣ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

‘ಮನೆತನದ ಅಡುಗೆ’ ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳುವ ಬಹಳಷ್ಟು ಸಂಗತಿಗಳು ಹೀಗೆ ಯಾವುದೋ ಕೊರತೆಗೆ ಕಂಡುಕೊಂಡ ಉಪಾಯಗಳು. ಇವುಗಳ ಇತಿಹಾಸ ಬರೆಯಹೊರಟರೆ ಮೊದಲ ತೊಡಕು ಆಕರದ್ದು. ಕನ್ನಡಕ್ಕೆ ಪಾಕಗ್ರಂಥಗಳ ಬಡತನವಿಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಅಧ್ಯಾಯವೇ ಇದೆ, ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ಬರೆದ. ಇವೆಲ್ಲ ಉಳ್ಳವರ ಒಲೆಯ ಸುತ್ತ ಹುಟ್ಟಿದವು. ಕಾಫಿ ಸೀಮೆಗೆ ಬಂದರೆ ತೋಟದ ದೊರೆಗಳು ಬರೆದ ನೆನಪಿನ ಪುಸ್ತಕಗಳಿವೆ, ಬೇಟೆಯ ಕಥೆಗಳಿವೆ, ಕೂಲಿಯ ದರವಿದೆ. ಕೂಲಿಯವಳ ಒಲೆ ಕಾಣಸಿಗುವುದು ಅಪರೂಪ. ಹಾಗಾಗಿ ನನ್ನಂಥವರು ಕೊನೆಗೆ ಬಂದು ಕೂರುವುದು ಅಜ್ಜಿಯಂದಿರ ಪಕ್ಕದಲ್ಲೇ.

ನಮ್ಮಜ್ಜಿ ಗಟ್ಟದ ಕೆಳಗಿನವಳು. ಬೆಳ್ತಂಗಡಿ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರ ದಾಟಿ, ಬಣಕಲ್ ಹತ್ತಿರದ ತೋಟವೊಂದರ ಲೈನ್ ಮನೆಗೆ ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಅವಳಿಗಿಂತ ನೂರು ವರ್ಷ ಮೊದಲಿಂದಲೂ ಆ ದಾರಿ ಸವೆಯುತ್ತಲೇ ಇತ್ತು. ಕೆಳಗೆ ಭತ್ತದ ಕೊಯ್ಲು ಮುಗಿದ ಮೇಲೆ ಮೇಲೆ ಕಾಫಿ ಹಣ್ಣಾಗುತ್ತದೆ. ಮೇಸ್ತ್ರಿ ಕೊಟ್ಟ ಮುಂಗಡ ಹಣ ಹೊತ್ತು ಜನ ಗಟ್ಟ ಹತ್ತುತ್ತಿದ್ದರು, ಮಳೆಗೆ ಮುಂಚೆ ಇಳಿಯುತ್ತಿದ್ದರು. ಸಾಹಿತ್ಯದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾರಂತರ ‘ಚೋಮನ ದುಡಿ’ 1933ರಲ್ಲೇ ಬಂತು. ಚೋಮನ ಸಾಲ ತೀರಿಸಲು ಅವನ ಮಕ್ಕಳು ಹೋಗುವುದು ಇಂಥದೇ ಕಾಫಿ ತೋಟಕ್ಕೆ. ಕಾದಂಬರಿಯನ್ನು ನಾವು ಭೂಮಿಯ ಹಸಿವಿನ ಕಥೆಯಾಗಿ ಓದುತ್ತೇವೆ, ಸರಿಯೇ. ಆದರೆ ಆ ಮಕ್ಕಳು ತೋಟದಲ್ಲಿ ಏನು ಬೇಯಿಸಿಕೊಂಡು ಉಂಡರು ಎಂದು ನಾನು ಆಗಾಗ ಯೋಚಿಸುತ್ತೇನೆ.

ಅಜ್ಜಿ ಬುಟ್ಟಿಯಲ್ಲಿ ಏನು ತಂದಳೋ, ತಲೆಯಲ್ಲಿ ತಂದದ್ದು ಕೆಳಗಿನ ಅಡುಗೆ: ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಅರೆದ ಸಾರು, ಮೀನು, ಮತ್ತು ತುಳುವರು ‘ಪುಂಡಿ’ ಎನ್ನುವ ಅಕ್ಕಿಯುಂಡೆ. ಮೇಲೆ ಬಂದರೆ ಪುಂಡಿಯ ಅಣ್ಣನೋ ತಮ್ಮನೋ ಆದ ಕಡುಬು ಆಗಲೇ ಇತ್ತು, ಅದರಿಂದ ಕಷ್ಟವಾಗಲಿಲ್ಲ. ಕಷ್ಟವಾದದ್ದು ಕಾಯಿ. ಕೆಳಗೆ ಅಂಗಳದಲ್ಲಿ ಬೀಳುತ್ತಿದ್ದ ತೆಂಗಿನಕಾಯಿಯನ್ನು ಇಲ್ಲಿ ಅಂಗಡಿಯಿಂದ ಎಣಿಸಿ ತರಬೇಕು. “ಗಟ್ಟದ ಮೇಲೆ ಕಾಯಿ ಅಂದ್ರೆ ದೇವರ ಹಾಗೆ ಮಗಾ, ಹಬ್ಬಕ್ಕೆ ಮಾತ್ರ ಕಾಣ್ತಿತ್ತು” ಎನ್ನುತ್ತಾಳೆ. ಅವಳ ಸಾರು ಬದಲಾದದ್ದು ಅಲ್ಲಿ. ಒಂದು ಕಾಯಿಯ ಜಾಗಕ್ಕೆ ಕಾಲು ಕಾಯಿ, ಉಳಿದ ಮಂದಕ್ಕೆ ಒಂದು ಹಿಡಿ ಅಕ್ಕಿ ಹುರಿದು ಅರೆದದ್ದು. ಹುಣಸೆಹಣ್ಣು ಬಯಲುಸೀಮೆಯಿಂದ ಬರಬೇಕು, ಅದಕ್ಕೆ ದುಡ್ಡು. ಹಾಗಾಗಿ ಒಣಗಿಸಿಟ್ಟ ವಾಟೆಹುಳಿ. ಒಣಮೆಣಸಿನಕಾಯಿಗೆ ಬದಲು ಕಾಫಿ ಗಿಡದ ಬುಡದಲ್ಲಿ ತಾನಾಗಿ ಹುಟ್ಟುವ ಜೀರಿಗೆ ಮೆಣಸು. ಹಕ್ಕಿ ತಿಂದು ಬೀಜ ಹಾಕುತ್ತದೆ, ಯಾರೂ ನೆಡುವುದಿಲ್ಲ, ಯಾರ ತೋಟವಾದರೂ ಕೇಳುವವರಿಲ್ಲ. ಈಗ ನಮ್ಮ ಮನೆಯ ‘ಅಜ್ಜಿ ಸಾರು’ ಎಂದು ನಾವು ಮೆಚ್ಚಿ ತಿನ್ನುವುದು ಈ ಬದಲಿಗಳ ಮೊತ್ತವನ್ನು. ಅದರ ಹುರಿದ ಅಕ್ಕಿಯ ಪರಿಮಳ ಕಾಯಿ ಇಲ್ಲದ್ದರ ಪರಿಮಳ.

ಮಳೆಗಾಲದ ಮಾತೇ ಬೇರೆ. ಜೂನ್ ಕಳೆದರೆ ಬಣಕಲ್ ಕಡೆ ಮಳೆ ಹಿಡಿದದ್ದು ಬಿಡುವುದಿಲ್ಲ, ತೋಟದಲ್ಲಿ ಕೆಲಸದ ದಿನ ಕಡಿಮೆ, ಬಟವಾಡೆಯ ದಿನ ಕೈಗೆ ಬರುವುದೂ ಕಡಿಮೆ. ಸರಿಯಾಗಿ ಅದೇ ಹೊತ್ತಿಗೆ ಕಾಡು ಕೊಡಲು ಶುರು ಮಾಡುತ್ತದೆ: ಕಳಲೆ, ಅಣಬೆ, ಚಗಟೆ ಸೊಪ್ಪು, ಮರದ ಮೇಲೆ ಹುಟ್ಟುವ ಮರಕೆಸು, ಗದ್ದೆಯ ಏಡಿ. ತುಳುವರ ಆಟಿ ತಿಂಗಳ ಊಟವೆಂದು ಇವತ್ತು ಸಂಘಸಂಸ್ಥೆಗಳು ಸಮಾರಂಭ ಮಾಡಿ ಬಡಿಸುವುದು ಈ ಪದಾರ್ಥಗಳನ್ನೇ. ಪತ್ರೊಡೆಯನ್ನು ನೋಡಿ. ಕೆಸುವಿನ ಎಲೆಗೆ ಅಕ್ಕಿಹಿಟ್ಟು ಸವರಿ, ಸುತ್ತಿ, ಬೇಯಿಸುತ್ತಾರೆ. ಎಲೆ ಹೆಚ್ಚಾದಷ್ಟೂ ಅಕ್ಕಿ ಉಳಿಯುತ್ತದೆ. ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ಜನ ಮುಗಿಬಿದ್ದು ತಿನ್ನುವ ನೀರುದೋಸೆಯೂ ಇದೇ ಜಾತಿಯದು. ಉದ್ದು ಬೇಡ, ಹುದುಗು ಬೇಡ, ಅಕ್ಕಿಗೆ ನೀರು ಸೇರಿಸಿ ತೆಳ್ಳಗೆ ಹರಡಿದರೆ ಪಾವು ಅಕ್ಕಿ ಸೇರಿನ ಹಾಗೆ ಕಾಣುತ್ತದೆ.

ಅಕ್ಕಿ ಉಳಿಸುವುದು ಅಷ್ಟು ದೊಡ್ಡ ಕೆಲಸ ಯಾಕಾಗಿತ್ತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1942ರಲ್ಲಿ ಬರ್ಮಾ ಜಪಾನಿಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅದರ ಬೆನ್ನಿಗೇ ದೇಶದಲ್ಲಿ ಪಡಿತರ, ಲೆವಿ, ಕಾಳಸಂತೆ ಎಂಬ ಪದಗಳು ಮನೆಮಾತಾದವು. ಮೈಸೂರು ಸಂಸ್ಥಾನವೂ ಇದರಿಂದ ಹೊರತಾಗಲಿಲ್ಲ. ಅದೇ ಯುದ್ಧ ಯೂರೋಪಿನ ಕಾಫಿ ಮಾರುಕಟ್ಟೆಯನ್ನೂ ಮುಚ್ಚಿತು. ಬೆಳೆಗಾರರನ್ನು ಉಳಿಸಲು 1940ರ ದಶಕದ ಆರಂಭದಲ್ಲಿ ಬಂದದ್ದು ಕಾಫಿ ಮಂಡಳಿ ಮತ್ತು ಪೂಲ್ ಪದ್ಧತಿ. ಬೆಳೆದ ಕಾಫಿಯನ್ನೆಲ್ಲ ಮಂಡಳಿಗೆ ಒಪ್ಪಿಸಬೇಕು, ಬೀಜಕ್ಕೆ ಮತ್ತು ಮನೆಬಳಕೆಗೆ ಒಂದಿಷ್ಟು ಇಟ್ಟುಕೊಳ್ಳಬಹುದು, ಅಷ್ಟೆ. ತೊಂಬತ್ತರ ದಶಕದವರೆಗೂ ಇದು ನಡೆಯಿತು. ಒಳ್ಳೆಯ ಬೀಜ ಹೊರಗೆ, ಊರಿಗೆ ಉದುರು. ನಮ್ಮ ಲೈನಿನವರು ಕುಡಿದದ್ದು ಗಿಡದ ಬುಡದಲ್ಲಿ ಆಯ್ದ, ಬಾವಲಿ ಚೀಪಿ ಉಗುಳಿದ, ಒಡೆದ ಬೀಜದ ಪುಡಿಯನ್ನು, ಬೆಲ್ಲ ಹಾಕಿ, ಹಾಲಿಲ್ಲದೆ. ಅಕ್ಕಿಯಲ್ಲಿ ನುಚ್ಚು, ಕಾಫಿಯಲ್ಲೂ ನುಚ್ಚು.

ಅಜ್ಜಿ ಬಂದ ಕೆಲವೇ ವರ್ಷಗಳಲ್ಲಿ 1965-66ರ ಬರ ಬಂತು. ಪಿ.ಎಲ್. 480 ಒಪ್ಪಂದದಡಿ ಹಡಗಿನಲ್ಲಿ ಬಂದ ಅಮೆರಿಕದ ಗೋಧಿ ಸೊಸೈಟಿಯ ಮೂಲಕ ಅಕ್ಕಿ ತಿನ್ನುವವರ ಮನೆಗೂ ಹೊಕ್ಕಿತು. ಚಪಾತಿ ಲಟ್ಟಿಸಲು ಬಾರದ ಕೈಗಳು ಗೋಧಿಯನ್ನೂ ಬೀಸುವ ಕಲ್ಲಿನಲ್ಲಿ ಒಡೆದು ಕಡುಬು ಮಾಡಲು ನೋಡಿದವು. ಅಂಟಂಟಾಗಿ ಬಂತಂತೆ. ಕೊನೆಗೆ ಗೋಧಿನುಚ್ಚಿನ ಗಂಜಿಗೆ ಬೆಲ್ಲ ಹಾಕಿ ಮಕ್ಕಳಿಗೆ, ಉಪ್ಪು ಹಾಕಿ ದೊಡ್ಡವರಿಗೆ. ಪ್ರಧಾನಿ ಶಾಸ್ತ್ರಿಯವರು ಸೋಮವಾರ ಸಂಜೆಯ ಊಟ ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟದ್ದೂ ಆಗಲೇ. ಅಜ್ಜಿಗೆ ಅದು ನೆನಪಿದೆ, ನಗುತ್ತಾಳೆ.

ಕಾನೂನು ಏನು ಹೇಳುತ್ತಿತ್ತು? 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ 150ಕ್ಕಿಂತ ಕಡಿಮೆಯಿಲ್ಲದಷ್ಟು ಕೆಲಸಗಾರರಿರುವ ತೋಟಗಳಿಗೆ ಕ್ಯಾಂಟೀನಿನ ಮಾತಾಡುತ್ತಿತ್ತು. ನಮ್ಮ ಕಡೆಯ ತೋಟಗಳಲ್ಲಿ ಬಹುಪಾಲು ಚಿಕ್ಕವು. ಹಾಗಾಗಿ ಲೈನಿನ ಒಲೆಯೇ ಕ್ಯಾಂಟೀನು, ಅದನ್ನು ನಡೆಸುವವಳು ದಿನವಿಡೀ ಹಣ್ಣು ಕಿತ್ತು ಬಂದ ಹೆಂಗಸು.

ಕಾಫಿ ಬೆಲೆಯ ಏರಿಳಿತ ನನ್ನ ತಲೆಮಾರಿಗೂ ತಲುಪಿತು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದದ್ದು, ಮುಕ್ತ ಮಾರುಕಟ್ಟೆ ಬಂದದ್ದು, 1994ರಲ್ಲಿ ಬ್ರೆಜಿಲಿನ ಹಿಮಪಾತದಿಂದ ಇಲ್ಲಿ ಬೆಲೆ ಜಿಗಿದದ್ದು, 1999ರ ನಂತರ ನೆಲಕಚ್ಚಿದ್ದು ಎಲ್ಲವನ್ನೂ ಅರ್ಥಶಾಸ್ತ್ರದವರು ಬರೆದಿದ್ದಾರೆ. ನನಗೆ ನೆನಪಿರುವುದು ಆ ಮಂದಿಯ ವರ್ಷಗಳಲ್ಲಿ ಹಲಸಿನ ಬೀಜ ವಾರಕ್ಕೆ ನಾಲ್ಕು ದಿನ ಬರುತ್ತಿದ್ದದ್ದು. ಕೆಮ್ಮಣ್ಣು ಮೆತ್ತಿ ಒಣಗಿಸಿಟ್ಟ ಬೀಜ: ಸಾರಿಗೆ, ಪಲ್ಯಕ್ಕೆ, ಕೆಂಡದಲ್ಲಿ ಸುಟ್ಟು ಸಂಜೆಗೆ.

ಆಮೇಲೆ ಲೆಕ್ಕ ತಲೆಕೆಳಗಾಯಿತು. 2013ರಲ್ಲಿ ಅನ್ನಭಾಗ್ಯ ಬಂತು, ಕಿಲೋ ಅಕ್ಕಿಗೆ 1 ರೂಪಾಯಿ. 2015ರಿಂದ ಅದೂ ಬೇಡ, ಪುಕ್ಕಟೆ. ಅಜ್ಜಿಯ ಇಡೀ ಪಾಕಶಾಸ್ತ್ರ ನಿಂತಿದ್ದು ಅಕ್ಕಿ ದುಬಾರಿ, ಸೊಪ್ಪು ಪುಕ್ಕಟೆ ಎಂಬುದರ ಮೇಲೆ. ಈಗ ಅಕ್ಕಿ ಪುಕ್ಕಟೆ, ಸೊಪ್ಪು ದುಬಾರಿ. ಕಳಲೆಯನ್ನು ಪೇಟೆಯಲ್ಲಿ ಹೆಚ್ಚಿ, ನೀರಲ್ಲಿಟ್ಟು, ತೂಕ ಹಾಕಿ ಮಾರುತ್ತಾರೆ. ಕೆಸುವಿನ ಎಲೆಗೆ ಕಟ್ಟಿನ ಲೆಕ್ಕ. ಹೋಂಸ್ಟೇಗಳ ಫಲಕಗಳಲ್ಲಿ ಕಡುಬು ‘ಮಲೆನಾಡ ಸ್ಪೆಷಲ್’. ನಮ್ಮ ಮನೆಯ ಪತ್ರೊಡೆಯನ್ನೇ ಇದಕ್ಕೆ ಸಾಕ್ಷಿಯಾಗಿ ಒಪ್ಪಿಸಬಹುದು: ನಾನು ಚಿಕ್ಕವನಿದ್ದಾಗ ಅದರಲ್ಲಿ ಎಲೆಯ ಸುರುಳಿ ದಪ್ಪ, ಹಿಟ್ಟಿನ ಗೆರೆ ತೆಳು. ಈಗ ಹಿಟ್ಟು ದಪ್ಪ, ಎಲೆ ತೆಳು. ಹೆಸರು ಅದೇ, ಉಳಿತಾಯದ ದಿಕ್ಕು ಬದಲಾಗಿದೆ. ಅಕ್ಕಿ ಕೊಟ್ಟು ಸೋಮಾರಿ ಮಾಡಿದರು ಎಂದು ತೋಟದ ಯಜಮಾನರು ಮಾತಾಡುವುದನ್ನು ಕೇಳಿದ್ದೇನೆ. ಮಳೆಗಾಲದ ಗಂಜಿಯನ್ನು ಅಳೆದು ಕುಡಿದವರಿಗೆ ಅದು ಮೊದಲ ಸಲ ಒಳ್ಳೆಯ ಕೂಲಿ ಕೊಡುವ ಕಡೆ ಹೋಗುತ್ತೇನೆ ಎನ್ನುವ ಧೈರ್ಯ ಕೊಟ್ಟಿತು; ನನಗೆ ಕಂಡದ್ದು ಇದು.

ಈ ತಲೆಕೆಳಗಾದ ಲೆಕ್ಕದೊಳಗೇ ನಾನು ಅಡುಗೆ ಮಾಡಿಕೊಳ್ಳುವುದು. ಸಂಶೋಧನಾ ವಿದ್ಯಾರ್ಥಿಯ ಶಿಷ್ಯವೇತನ ಬರುವ ತಿಂಗಳು ಬರುತ್ತದೆ, ಬರದ ತಿಂಗಳು ಬಾಡಿಗೆ ಮಾತ್ರ ತಪ್ಪದೆ ಬರುತ್ತದೆ. ಮನೆಯಿಂದ ತರುವ ಪಡಿತರದ ದಪ್ಪ ಅಕ್ಕಿ ಅನ್ನಕ್ಕೆ ಅಷ್ಟೇನೂ ಹಿತವಲ್ಲ, ಕಡುಬಿಗೆ ಬಹಳ ಒಳ್ಳೆಯದು. ತೊಳೆದು ಒಣಗಿಸಿ ತರಿ ಮಾಡಿಟ್ಟುಕೊಂಡರೆ ಒಂದು ಲೋಟ ತರಿಗೆ ಎರಡು ಲೋಟ ನೀರು. ಭಾನುವಾರ ಒಮ್ಮೆ ಬೇಯಿಸಿದರೆ ಸೋಮವಾರ ಬೆಳಿಗ್ಗೆ ಪುಡಿ ಮಾಡಿ ಒಗ್ಗರಣೆ ಹಾಕಬಹುದು. ಒಂದು ಸಲದ ಗ್ಯಾಸಿಗೆ ಎರಡು ಹೊತ್ತು. ಹಲಸಿನ ಬೀಜ ಕುಕ್ಕರಿಗೆ. ವಾರಕ್ಕೆ ಅರ್ಧ ಕಾಯಿ, ಉಳಿದದ್ದಕ್ಕೆ ಅಜ್ಜಿಯ ಹುರಿದ ಅಕ್ಕಿ. ಕಳಲೆಯನ್ನು ಮಾತ್ರ ಕೈಬಿಟ್ಟಿದ್ದೇನೆ. ಅದರ ವಿಷ ಹೋಗಲು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಬೇಕು, ದುಡ್ಡೂ ಬೇಕು.

ಆದರೂ ‘ಅಜ್ಜಿ ಕಾಲದ ಅಡುಗೆ ಅಗ್ಗ’ ಎನ್ನುವಾಗ ನಾಲಿಗೆ ತಡೆಯುತ್ತದೆ. ಅದು ಅಗ್ಗವಾಗಿದ್ದದ್ದು ಕಾಫಿ ಗಿಡದ ಕಸಿ ಕಡ್ಡಿ, ನೆರಳುಮರದ ಸವರಿದ ರೆಂಬೆ ಸೌದೆಯಾಗಿ ಸಿಗುತ್ತಿದ್ದುದರಿಂದ. ಒರಳಿನ ಮುಂದೆ ಕೂತವಳ ಹೊತ್ತಿಗೆ ದರವಿಲ್ಲದ್ದರಿಂದ. 1976ರ ಸಮಾನ ವೇತನ ಕಾಯ್ದೆ ಬರುವವರೆಗೆ ತೋಟದಲ್ಲಿ ಅದೇ ದಿನಕ್ಕೆ ಹೆಂಗಸಿಗೆ ಗಂಡಸಿಗಿಂತ ಕಡಿಮೆ ಕೂಲಿ. ಲೈನಿಗೆ ಬಂದು ಮಾಡಿದ ಎರಡನೆಯ ಪಾಳಿಗೆ ಅದೂ ಇಲ್ಲ. ನಾನು ಕಡುಬಿನ ಭಾನುವಾರ ಎರಡು ಗಂಟೆ ಕಳೆಯುತ್ತೇನೆ, ಅದೂ ಮಿಕ್ಸಿ ಇಟ್ಟುಕೊಂಡು. ಅವಳಿಗೆ ಭಾನುವಾರ ಸೊಪ್ಪು ಕೊಯ್ಯುವ ದಿನ.

2019ರ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದು, ಚಾರ್ಮಾಡಿ ರಸ್ತೆ ಮುಚ್ಚಿದಾಗ ಬಣಕಲ್ ಪೇಟೆಗೆ ಕೆಳಗಿನ ಮೀನು, ಕಾಯಿ ನೇರ ದಾರಿಯಲ್ಲಿ ಬರುವುದು ನಿಂತಿತು. ಬಂದದ್ದು ಸುತ್ತು ಹಾಕಿ, ಏರಿದ ದರದಲ್ಲಿ. ಅಜ್ಜಿ ತಕರಾರಿಲ್ಲದೆ ಡಬ್ಬಿಯಿಂದ ಒಣಮೀನು ತೆಗೆದಳು. ಆದರೆ ನುಚ್ಚು ಕೊಡುತ್ತಿದ್ದ ಗದ್ದೆಗಳು ಆಗಲೇ ಹೋಗಿದ್ದವು. ಕೆಲವಕ್ಕೆ ಶುಂಠಿ, ಕೆಲವಕ್ಕೆ ಅಡಿಕೆ, ಕೆಲವು ಹಡೀಲು.

ಈ ಜುಲೈಯಲ್ಲಿ ಊರಿಂದ ಹೊರಟಾಗ ನನ್ನ ಚೀಲದಲ್ಲಿದ್ದದ್ದು ಅಕ್ಕಿ ತರಿ, ಮಣ್ಣು ಮೆತ್ತಿದ ಹಲಸಿನ ಬೀಜ, ಒಂದು ಪೊಟ್ಟಣ ವಾಟೆಹುಳಿ. ಜೀರಿಗೆ ಮೆಣಸು ಸಿಗಲಿಲ್ಲ. ಹಕ್ಕಿ ಬಿತ್ತಿದ ಆ ಗಿಡಕ್ಕೂ ಈಗ ಮೂಡಿಗೆರೆಯಿಂದ ವ್ಯಾಪಾರಿ ಬರುತ್ತಾನೆ, ತೋಟದವರು ಬೇಲಿಯ ಬದಿಯದನ್ನೂ ತಾವೇ ಕೊಯ್ಯಿಸುತ್ತಾರೆ.