ನಡೆದುಕೊಳ್ಳುವುದು ಯಾರಿಗೆ?

ಹಿಂದೂ ಆಗಿದ್ದುಕೊಂಡೇ ಇನ್ನೊಂದು ಧರ್ಮವನ್ನು ‘ಫಾಲೋ ಮಾಡಬಹುದೇ’ ಎಂದು ಇಂದಿನ ವಿದ್ಯಾವಂತರು ಕೇಳುವ ಪ್ರಶ್ನೆಗೆ ಕನ್ನಡದ ಹಳ್ಳಿಗಳು ‘ನಡೆದುಕೊಳ್ಳು’ ಎಂಬ ಕ್ರಿಯಾಪದದಲ್ಲಿ ಎಂದೋ ಉತ್ತರ ಹೇಳಿಟ್ಟಿವೆ. ಒಂದು ಮನೆತನದವರು ಮೈಲಾರಲಿಂಗನಿಗೆ ನಡೆದುಕೊಳ್ಳುತ್ತಾರೆ ಎಂದರೆ, ಆ ದೇವರಿಗೆ ಸಲ್ಲಬೇಕಾದ ಹರಕೆ ಕಾಣಿಕೆಗಳನ್ನು ತಲೆಮಾರಿನಿಂದ ತಪ್ಪದೆ ಸಲ್ಲಿಸುತ್ತಾರೆ ಎಂದರ್ಥ. ಸಿನಿಮಾ ನಟನನ್ನೂ ಧರ್ಮವನ್ನೂ ಒಂದೇ ಬೆರಳಿನಿಂದ ‘ಫಾಲೋ’ ಮಾಡುವವರ ಮಾತಿನಲ್ಲಿ ಈ ಹೊಣೆಯ ಸುಳಿವೇ ಇಲ್ಲ.

ಸಭ್ಯವಾಗಿ ವರ್ತಿಸು ಎಂಬ ಈ ಪದದ ಇನ್ನೊಂದು ಅರ್ಥವನ್ನು ನಿಘಂಟುಗಳು ಬೇರೆಯಾಗಿ ಕೊಡುತ್ತವೆಯಾದರೂ, ಎರಡೂ ಅರ್ಥಗಳು ಮಲೆ ಮಹದೇಶ್ವರನ ಬೆಟ್ಟಕ್ಕೆ, ಸವದತ್ತಿಯ ಗುಡ್ಡಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರ ಹಾದಿಯಲ್ಲೇ ಹುಟ್ಟಿರಬೇಕೆಂಬುದು ಈ ಅಂಕಣದ ಹಟ. ವೈಯಾಕರಣರು ಒಪ್ಪಲಿಕ್ಕಿಲ್ಲ, ಆದರೆ ಈ ಕ್ರಿಯಾಪದ ದೇವರ ಹೆಸರಿನೊಡನೆ ಚತುರ್ಥಿಯನ್ನು, ಅಂದರೆ ‘ಗೆ’ ಪ್ರತ್ಯಯವನ್ನು, ಬೇಡುತ್ತದೆ ಎಂಬುದನ್ನು ಅವರೂ ಅಲ್ಲಗಳೆಯಲಾರರು. ಇಲ್ಲಿ ದೇವರು ಒಪ್ಪಿ ಸಹಿ ಹಾಕಬೇಕಾದ ಸಿದ್ಧಾಂತವಲ್ಲ, ಹೋಗಿ ತಲುಪಬೇಕಾದ ಠಾವು. ಒಂದು ಠಾವಿಗೆ ಹೋದವರು ಇನ್ನೊಂದಕ್ಕೆ ಹೋಗಬಾರದೆಂಬ ನಿಯಮ ಆ ವ್ಯಾಕರಣದಲ್ಲಿಲ್ಲ.

ಆದ್ದರಿಂದಲೇ ಉತ್ತರ ಕರ್ನಾಟಕದಲ್ಲಿ ಮುಸ್ಲಿಂ ಮನೆ ಒಂದೂ ಇಲ್ಲದ ಊರುಗಳು ಕೂಡ ಮೊಹರಂ ಆಚರಿಸುತ್ತವೆ, ಹಿಂದೂ ಹರಕೆಯವರು ಫಕೀರರಾಗುತ್ತಾರೆ, ಪಂಜಾ ಎನ್ನುವ ಹಸ್ತಾಕಾರದ ಅಲಾಯಿ ದೇವರ ಮುಂದೆ ಸಕ್ಕರೆ ಓದಿಸುತ್ತಾರೆ. ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ಶಿಶುನಾಳ ಷರೀಫರ (1819–1889) ಗದ್ದುಗೆಗೂ ಎರಡೂ ಸಮುದಾಯದವರು ನಡೆದುಕೊಳ್ಳುತ್ತಾರೆ.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ಲಂಚದ ಸಂದರ್ಭಕ್ಕಷ್ಟೇ ಮೀಸಲಿಟ್ಟಿರುವುದು ಅದಕ್ಕೆ ಮಾಡಿದ ಅನ್ಯಾಯ. ಗಾದೆ ಯಾವ ದೇವರೆಂದು ಹೇಳುವುದಿಲ್ಲ, ಪೂಜಾರಿಯ ಮತವನ್ನೂ ಹೇಳುವುದಿಲ್ಲ. ವರ ಕೊಡುವವನ ಮನಸ್ಸು ಬೇರೆ, ಬಾಗಿಲು ಕಾಯುವವನ ಲೆಕ್ಕ ಬೇರೆ ಎಂದು ಮಾತ್ರ ಹೇಳುತ್ತದೆ. ಭಕ್ತ ಹೊಸ್ತಿಲು ದಾಟುವ ಮೊದಲು ‘ನೀನು ಯಾರವನು’ ಎಂದು ಕೇಳುವುದು ಆ ಎರಡನೆಯವನೇ. ಗಾದೆಯಲ್ಲಿ ದೇವರ ಬಾಯಿಂದ ಅಂಥ ಪ್ರಶ್ನೆ ಬರುವುದೇ ಇಲ್ಲ. ಅರ್ಜಿ ನಮೂನೆಗಳಲ್ಲಿ ‘ಧರ್ಮ’ ಎಂಬ ಒಂದೇ ಖಾನೆ ಇಟ್ಟವನೂ ಈ ಪೂಜಾರಿಯ ವಂಶದವನೇ ಇರಬೇಕು.

ಹಾಗೆಂದು ಹಿಂದೂ ಪರಂಪರೆ ಎಲ್ಲವನ್ನೂ ಒಪ್ಪುತ್ತದೆ ಎಂಬ ವೇದಿಕೆಯ ಭಾಷಣವೂ ಪೂರ್ತಿ ನಿಜವಲ್ಲ. ಇಷ್ಟಲಿಂಗವೊಂದನ್ನೇ ನೆಚ್ಚಿದ 12ನೇ ಶತಮಾನದ ಶರಣರು ಹಲವು ದೈವಗಳಿಗೆ ಎರಗುವುದನ್ನು ಕಟುವಾಗಿಯೇ ಖಂಡಿಸಿದರು. ಇಸ್ಲಾಂ ಮತ್ತು ಕ್ರೈಸ್ತ ಮತಗಳ ಮೂಲ ಬೋಧನೆಯಂತೂ ಅನ್ಯ ದೈವದ ಆರಾಧನೆಗೆ ಎಡೆಯನ್ನೇ ಕೊಡುವುದಿಲ್ಲ. ಹೀಗಾಗಿ ನಡೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲದಿದ್ದರೂ, ದೀಕ್ಷೆ ಪಡೆದು ಆ ಮತದವರೇ ಆಗಿ ಇಲ್ಲಿಯೂ ಉಳಿಯುತ್ತೇವೆ ಎನ್ನುವುದು ನಡೆಯದ ಮಾತು.

ಕಾನೂನು ಗಣಿಸುವುದೂ ಈ ಸೇರ್ಪಡೆಯನ್ನೇ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಸಂಗಾತಿಯ ಮತಾಂತರ ವಿಚ್ಛೇದನಕ್ಕೆ ಒಂದು ಆಧಾರ. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿಗಳ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗಷ್ಟೇ ಆ ಸ್ಥಾನ ಕೊಟ್ಟಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಅದಕ್ಕೆ ಸೇರಿಸಲಾಯಿತು. ಪಂಜಾದ ಮುಂದೆ ಸಕ್ಕರೆ ಓದಿಸಿದ ದಲಿತನ ಜಾತಿ ಪ್ರಮಾಣಪತ್ರಕ್ಕೆ ಅದರಿಂದ ಏನೂ ಆಗದು. ಇಸ್ಲಾಮಿಗೋ ಕ್ರೈಸ್ತ ಮತಕ್ಕೋ ಸೇರಿದರೆ ಆ ಸ್ಥಾನ ಉಳಿಯದು.