ದೂರದರ್ಶಕದ ಮಸೂರ ಮತ್ತು ಕನ್ನಡಿ

ದೂರದರ್ಶಕ ಎಂದೊಡನೆ ಬಹಳ ಮಂದಿ ಕೇಳುವುದು, "ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?" ಎಂದು. ಖಗೋಳ ವಿಜ್ಞಾನಿ ಕೇಳುವುದು, "ಎಷ್ಟು ಬೆಳಕು ಹಿಡಿಯುತ್ತದೆ?" ಎಂದು. ಮಳೆ ಬರುವಾಗ ಅಂಗಳದಲ್ಲಿ ಲೋಟ ಇಟ್ಟವರಿಗೆ ಸಿಗುವ ನೀರೇ ಬೇರೆ, ಹಂಡೆ ಇಟ್ಟವರಿಗೆ ಸಿಗುವುದೇ ಬೇರೆ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಎಷ್ಟು ಅರಳಿದರೂ ಸುಮಾರು 7 ಮಿಲಿಮೀಟರ್ ಮಾತ್ರ. ಅದು ಲೋಟ. ದೂರದರ್ಶಕದ ಮುಂದಿನ ಮಸೂರ ಅಥವಾ ಕನ್ನಡಿಯೇ ಹಂಡೆ.

ನಮ್ಮ ಶಾಲೆಯಲ್ಲಿ ಓದಿದವರೆಲ್ಲ ಪೀನ ಮಸೂರ, ನಿಮ್ನ ದರ್ಪಣಗಳ ಕಿರಣಚಿತ್ರಗಳನ್ನು ಸ್ಕೇಲು ಹಿಡಿದು ಎಳೆದವರೇ. ಆ ಮಸೂರವನ್ನು, ಕನ್ನಡಿಯನ್ನು ಯಾರು ಉಜ್ಜಿದರು, ಎಷ್ಟು ಕಷ್ಟಪಟ್ಟರು ಎಂಬುದು ಪಾಠದಲ್ಲಿ ಇರಲಿಲ್ಲ. ಈ ಸಂಚಿಕೆಯಲ್ಲಿ ಅದನ್ನು ಹೇಳುವುದು ಸೂಕ್ತವೆನಿಸಿತು.

1608ರಲ್ಲಿ ಹಾಲೆಂಡಿನ ಕನ್ನಡಕ ತಯಾರಕ ಹಾನ್ಸ್ ಲಿಪ್ಪರ್‌ಶೇ ದೂರದ ವಸ್ತುವನ್ನು ಹತ್ತಿರ ತೋರಿಸುವ ಕೊಳವೆಗೆ ಹಕ್ಕುಪತ್ರ ಕೇಳಿ ಅರ್ಜಿ ಹಾಕಿದ. ಸುದ್ದಿ ಇಟಲಿಗೆ ಮುಟ್ಟಿತು. ಮರುವರ್ಷ ಗೆಲಿಲಿಯೊ ತಾನೇ ಗಾಜು ಉಜ್ಜಿ ಇನ್ನೂ ಒಳ್ಳೆಯದನ್ನು ಮಾಡಿಕೊಂಡ. ಮುಂದೆ ಪೀನ ಮಸೂರ. ಅದು ದೂರದಿಂದ ಬಂದ ಬೆಳಕನ್ನು ಬಗ್ಗಿಸಿ ಒಂದೆಡೆ ಸೇರಿಸುತ್ತದೆ. ಇದು ವಸ್ತುಕ. ಕಣ್ಣಿನ ಬಳಿ ನಿಮ್ನ ಮಸೂರ, ಇದು ನೇತ್ರಕ. ಈ ಜೋಡಿ ನೆಟ್ಟಗಿನ ಬಿಂಬವನ್ನು ಕೊಟ್ಟರೂ ಕಾಣುವ ಆಕಾಶ ಬಹಳ ಇಕ್ಕಟ್ಟು. ನೇತ್ರಕಕ್ಕೂ ಪೀನ ಮಸೂರವನ್ನೇ ಹಾಕಿ ಎಂದು 1611ರಲ್ಲಿ ಕೆಪ್ಲರ್ ಸೂಚಿಸಿದ. ಬಿಂಬ ತಲೆಕೆಳಗಾಗುತ್ತದೆ, ನೋಟ ವಿಶಾಲವಾಗುತ್ತದೆ. ನಕ್ಷತ್ರಕ್ಕೆ ತಲೆ ಯಾವುದು, ಕಾಲು ಯಾವುದು! ಆಕಾಶ ನೋಡುವವರು ಕೆಪ್ಲರನ ದಾರಿಯನ್ನೇ ಹಿಡಿದರು. ವಸ್ತುಕದ ಸಂಗಮದೂರವನ್ನು ನೇತ್ರಕದ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ: 1000 ಮಿಲಿಮೀಟರ್‌ಗೆ 25 ಮಿಲಿಮೀಟರ್ ಜೋಡಿಸಿದರೆ 40 ಪಟ್ಟು. ನೇತ್ರಕ ಬದಲಿಸಿ ಈ ಸಂಖ್ಯೆಯನ್ನು ಬೇಕಾದಷ್ಟು ಏರಿಸಬಹುದು. ಆದರೆ ವಸ್ತುಕ ಹಿಡಿಯದ ಬೆಳಕನ್ನು ಯಾವ ನೇತ್ರಕವೂ ತಂದುಕೊಡಲಾರದು.

ಮಸೂರಕ್ಕೆ ಒಂದು ಹುಟ್ಟುದೋಷವಿತ್ತು. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಗ್ಗಿಸುತ್ತದೆ. ಹಾಗಾಗಿ ಬಣ್ಣಗಳು ಒಂದೇ ಜಾಗದಲ್ಲಿ ಕೂಡದೆ ಬಿಂಬದ ಸುತ್ತ ಬಣ್ಣದ ಅಂಚು ಮೂಡುತ್ತದೆ. ಸಂಗಮದೂರ ಹೆಚ್ಚಿಸಿದರೆ ದೋಷ ಕಡಿಮೆಯಾಗುತ್ತದೆಂದು ಹೆವೀಲಿಯಸ್ 150 ಅಡಿ ಉದ್ದದ ದೂರದರ್ಶಕವನ್ನು ಕಂಬಕ್ಕೆ ಹಗ್ಗ ಕಟ್ಟಿ ನಿಲ್ಲಿಸಿದ. ಗಾಳಿ ಬೀಸಿದರೆ ಅದರ ಪಾಡು ಏನಾಗಿದ್ದೀತು, ಊಹಿಸಿಕೊಳ್ಳಬಹುದು. ಈ ದೋಷಕ್ಕೆ ಮದ್ದಿಲ್ಲ ಎಂದು ತೀರ್ಮಾನಿಸಿದ ನ್ಯೂಟನ್ 1668ರಲ್ಲಿ ಮಸೂರದ ಬದಲು ಕನ್ನಡಿಯನ್ನು ಬಳಸಿದ. ಪ್ರತಿಫಲನದಲ್ಲಿ ಬಣ್ಣಗಳು ಬೇರ್ಪಡುವುದಿಲ್ಲ. ಎರಡು ಬಗೆಯ ಗಾಜುಗಳನ್ನು ಜೋಡಿಸಿದರೆ ಮಸೂರದ ದೋಷವನ್ನೂ ಬಹುಮಟ್ಟಿಗೆ ನೀಗಿಸಬಹುದೆಂದು ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನವರೇ ತೋರಿಸಿದರು. ನ್ಯೂಟನ್ನನ ತೀರ್ಮಾನ ತಪ್ಪಾಗಿತ್ತು, ಹಿಡಿದ ದಾರಿ ಮಾತ್ರ ಸರಿಯಾಗಿತ್ತು. ಏಕೆಂದರೆ ಮಸೂರವನ್ನು ಅಂಚಿನಲ್ಲಷ್ಟೇ ಹಿಡಿದು ನಿಲ್ಲಿಸಬೇಕು. ದೊಡ್ಡದಾದಷ್ಟೂ ತನ್ನ ಭಾರಕ್ಕೆ ತಾನೇ ಬಾಗುತ್ತದೆ. 1897ರಲ್ಲಿ ಅಮೆರಿಕದ ಯರ್ಕೀಸ್ ವೀಕ್ಷಣಾಲಯದಲ್ಲಿ 40 ಅಂಗುಲದ ಮಸೂರ ಬಂತು. ಖಗೋಳ ವೀಕ್ಷಣೆಗೆ ಅದಕ್ಕಿಂತ ದೊಡ್ಡ ಮಸೂರದ ದೂರದರ್ಶಕ ಬಳಕೆಗೆ ಬರಲೇ ಇಲ್ಲ. ಕನ್ನಡಿಗಾದರೆ ಬೆನ್ನಿಗೆ ಉದ್ದಕ್ಕೂ ಆಸರೆ ಕೊಡಬಹುದು.

ಮೊದಲ ಕನ್ನಡಿಗಳು ಗಾಜಿನವಲ್ಲ. ತಾಮ್ರ ಮತ್ತು ತವರ ಬೆರೆಸಿದ ಲೋಹದವು. ಬಿದ್ದ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಅದರಲ್ಲೇ ಕಳೆದುಹೋಗುತ್ತಿತ್ತು. ಕೆಲಕಾಲಕ್ಕೆ ಮಂಕಾಗುತ್ತಿತ್ತು, ಮತ್ತೆ ಉಜ್ಜಬೇಕು. ಸಂಗೀತ ಕಲಿಸಿ ಬದುಕುತ್ತಿದ್ದ ವಿಲಿಯಂ ಹರ್ಷೆಲ್ ಇಂಥ ಕನ್ನಡಿಗಳನ್ನು ಮನೆಯಲ್ಲೇ ಎರಕ ಹೊಯ್ದ. ಅಚ್ಚಿಗೆ ಬೇಕಾದ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದವಳು ತಂಗಿ ಕ್ಯಾರೊಲಿನ್. ಒಮ್ಮೆ ಅವನು 16 ಗಂಟೆ ಕನ್ನಡಿಯಿಂದ ಕೈ ತೆಗೆಯದೆ ಉಜ್ಜುತ್ತಿದ್ದಾಗ ಆಕೆಯೇ ಅಣ್ಣನ ಬಾಯಿಗೆ ತುತ್ತು ಇಟ್ಟಳು. 1781ರಲ್ಲಿ ಯುರೇನಸ್ ಗ್ರಹ ಕಂಡದ್ದು ಹೀಗೆ ಕೈಯಿಂದ ಮಾಡಿದ ಕನ್ನಡಿಯಲ್ಲಿ. ಆ ಗ್ರಹದ ಕಥೆಯಲ್ಲಿ ಕ್ಯಾರೊಲಿನಳ ಪಾಲೂ ಇದೆ ಎಂದೇ ನನ್ನ ಎಣಿಕೆ. 19ನೇ ಶತಮಾನದ ನಡುವೆ ಗಾಜಿನ ಮೇಲೆ ತೆಳುವಾಗಿ ಬೆಳ್ಳಿ ಲೇಪಿಸುವ ವಿಧಾನ ಬಂದ ಮೇಲೆ ಲೋಹದ ಕನ್ನಡಿಗಳು ಮೂಲೆ ಸೇರಿದವು. ಈಗ ಬೆಳ್ಳಿಯ ಜಾಗದಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ ಇದೆ.

ಕನ್ನಡಿ ಉಜ್ಜುವ ಕೆಲಸದ ಮೂಲ ಸರಳ. ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಂ ಪುಡಿ ಮತ್ತು ನೀರು ಹಾಕಿ ಹಿಂದೆ ಮುಂದೆ ತಿಕ್ಕಿದರೆ ಮೇಲಿನದು ತಾನಾಗಿಯೇ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಪುಡಿಯನ್ನು ನುಣ್ಣಗೆ ಮಾಡುತ್ತ ಹೋಗಿ, ಕೊನೆಗೆ ರಾಳದಂಥ ಮೆತ್ತನೆಯ ಪದಾರ್ಥದ ಮೇಲೆ ಹೊಳಪು ಕೊಡಬೇಕು. ಹೀಗೆ ಬರುವುದು ಗೋಳದ ಮೈ. ಬೇಕಾದದ್ದು ಪರವಲಯದ ಮೈ. ಗೋಳದ ಅಂಚಿಗೆ ಬಿದ್ದ ಕಿರಣವೂ ನಡುವೆ ಬಿದ್ದ ಕಿರಣವೂ ಒಂದೆಡೆ ಸೇರುವುದಿಲ್ಲ. ಇವೆರಡರ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು. ತಿಕ್ಕಿದ ಬಿಸಿಗೇ ಗಾಜಿನ ಆಕಾರ ಬದಲಾಗುವುದರಿಂದ, ಆರುವವರೆಗೆ ಕಾದು, ಪರೀಕ್ಷಿಸಿ, ಮತ್ತೆ ತಿಕ್ಕಬೇಕು. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ 2.4 ಮೀಟರ್ ಕನ್ನಡಿಯ ಅಂಚು ಕೂದಲೆಳೆಯ ಐವತ್ತನೇ ಒಂದು ಭಾಗದಷ್ಟು ತಪ್ಪಿದ್ದಕ್ಕೆ ಚಿತ್ರಗಳೆಲ್ಲ ಮಸುಕಾದವು. 1993ರಲ್ಲಿ ಗಗನಯಾತ್ರಿಗಳು ಹೋಗಿ, ಅದಕ್ಕೆ ಕನ್ನಡಕ ತೊಡಿಸಿದಂತೆ, ತಿದ್ದುವ ಸಾಧನಗಳನ್ನು ಜೋಡಿಸಿ ಬಂದರು.

ಅದಕ್ಕೂ ಮೊದಲೇ, ಹೆಚ್ಚುಕಡಿಮೆ ಅಷ್ಟೇ ಅಗಲದ ಕನ್ನಡಿಯೊಂದು ನಮ್ಮ ಬೆಂಗಳೂರಿನಲ್ಲಿ ಸಿದ್ಧವಾಗಿತ್ತು. ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾಗಿದ್ದ ವೇಣು ಬಾಪು ಅವರು ದೊಡ್ಡ ದೂರದರ್ಶಕವನ್ನು ಹೊರಗಿನಿಂದ ಕೊಳ್ಳದೆ ಇಲ್ಲೇ ಮಾಡಬೇಕೆಂದು ಹಠ ಹಿಡಿದರು. ಗಾಜಿನ ಬಿಲ್ಲೆ ಜರ್ಮನಿಯದು, 2.34 ಮೀಟರಿನ ಆ ಬಿಲ್ಲೆಯನ್ನು ಉಜ್ಜಿ ಆಕಾರಕ್ಕೆ ತಂದದ್ದು ಸಂಸ್ಥೆಯ ಕಾರ್ಯಾಗಾರದ ನಮ್ಮವರು. ನಮ್ಮ ಕಣ್ಣಿಗಿಂತ ಒಂದು ಲಕ್ಷಕ್ಕೂ ಹೆಚ್ಚು ಪಟ್ಟು ಬೆಳಕನ್ನು ಅದು ಹಿಡಿಯುತ್ತದೆ. ಆ ಬೆಳಕು ಮೇಲಿರುವ ಚಿಕ್ಕ ಪೀನ ದರ್ಪಣಕ್ಕೆ ತಗುಲಿ ಹಿಂತಿರುಗಿ, ದೊಡ್ಡ ಕನ್ನಡಿಯ ನಡುವಿನ ತೂತಿನ ಮೂಲಕ ಕೆಳಗಿಳಿದು ಉಪಕರಣಗಳನ್ನು ಸೇರುವ ಏರ್ಪಾಡೂ ಇದೆ. ಬಾಪು ಅದನ್ನು ನೋಡಲಿಲ್ಲ, 1982ರಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ತಮಿಳುನಾಡಿನ ಕಾವಲೂರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಆ ದೂರದರ್ಶಕಕ್ಕೆ ಅವರ ಹೆಸರಿಟ್ಟರು.

ಇಂದು ಇಂಥ ದೂರದರ್ಶಕಗಳಲ್ಲಿ ನೇತ್ರಕಕ್ಕೆ ಕೆಲಸವಿಲ್ಲ. ಕಣ್ಣಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಕ್ಯಾಮೆರಾ ಕೂತಿದೆ. ಗಂಟೆಗಟ್ಟಲೆ ಬೆಳಕನ್ನು ಕೂಡಿಡುತ್ತದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ದೂರದರ್ಶಕವೊಂದಿದೆ. ಅದನ್ನು ಯಾವ ನಕ್ಷತ್ರದತ್ತ ತಿರುಗಿಸಬೇಕೆಂಬ ಆಜ್ಞೆ ಉಪಗ್ರಹದ ಮೂಲಕ ಹೋಗುವುದು ನಮ್ಮ ಹೊಸಕೋಟೆಯಿಂದ.