ಜವಕ್ಕೆ ದಿಕ್ಕಿಲ್ಲ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಚಲನೆಯ ಪಾಠಕ್ಕೆ ಬಂದರೆ 'ಜವ' ಎಂಬ ಪದ ಎದುರಾಗುತ್ತದೆ. ಒಂದು ವಸ್ತು ಸೆಕೆಂಡಿಗೋ ಗಂಟೆಗೋ ಎಷ್ಟು ದೂರ ಸಾಗಿತು ಎಂಬ ಲೆಕ್ಕಕ್ಕೆ ಆ ಹೆಸರು. ಹರಿಹರ ತಾಲ್ಲೂಕಿನ ಕೊಕ್ಕನೂರಿನಲ್ಲಿ ಬೆಳೆದ ಹುಡುಗಿಯ ಕಿವಿಗೆ ಅದುವರೆಗೆ ಈ ಪದ ಬಿದ್ದಿರುವುದು ಅನುಮಾನ. ಈ ಸೀಮೆಯಲ್ಲಿ ಅವ್ವ 'ಲಗೂನ ಬಾ' ಎಂದು ಕೂಗುತ್ತಾಳೆ, ಅಜ್ಜ 'ಅಷ್ಟು ಜೋರು ಹೋಗಬ್ಯಾಡ' ಅನ್ನುತ್ತಾನೆ, ಅಣ್ಣನ ಬೈಕಿಗೆ ಇರುವುದು ಬರೀ 'ಸ್ಪೀಡು'. 'ನಿನ್ನ ಗಾಡಿಯ ಜವ ಎಷ್ಟಪ್ಪಾ' ಎಂದು ಕೇಳುವವರು ಮಲೇಬೆನ್ನೂರಿನ ಸಂತೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಹಾಗಂತ ಪದವೇನೂ ಹೊಸದಲ್ಲ. ಧಾವಂತವನ್ನು ಹೇಳುವ ಹಳೆಯ ಸಂಸ್ಕೃತ ಪದ ಅದು. ಕನ್ನಡದಲ್ಲಿ ಅದಕ್ಕೊಂದು ತೊಡಕಿದೆ. ಅದೇ ರೂಪದ ಇನ್ನೊಬ್ಬ ಇಲ್ಲಿ ಮನೆ ಮಾಡಿಕೊಂಡಿದ್ದಾನೆ. ಸಂಸ್ಕೃತದ 'ಯ' ನಮ್ಮ ಬಾಯಲ್ಲಿ 'ಜ' ಆಗುವುದು ರೂಢಿ. ಯೋಗಿ ಜೋಗಿಯಾದ, ಯೌವನ ಜವ್ವನವಾಯಿತು, ಯಾತ್ರೆ ಜಾತ್ರೆಯಾಯಿತು. ಇಂಥ ಮಾರ್ಪಾಡುಗಳಿಗೆಂದೇ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶ ಪ್ರಕರಣ ಬರೆದ. ಅದೇ ಹಾದಿಯಲ್ಲಿ ಯಮ ಜವನಾದ, ಜನಪದರ ಬಾಯಲ್ಲಿ ಜವರಾಯನಾದ. ಹೀಗಾಗಿ ಅಜ್ಜಿಗೆ ಜವ ಎಂದರೆ ಪ್ರಾಣ ಒಯ್ಯುವವನು, ಮೊಮ್ಮಗಳಿಗೆ ದೂರ ಭಾಗಿಸು ಕಾಲ. ಹೆದ್ದಾರಿಯ 'ವೇಗ ಮಿತಿ' ಫಲಕವನ್ನು ಪಠ್ಯದ ಪ್ರಕಾರ ತಿದ್ದಿ 'ಜವ ಮಿತಿ' ಎಂದು ಬರೆಸಿದರೆ, ಓದಿದವರು ಇನ್ನಷ್ಟು ಹುಷಾರಾಗಿ ಗಾಡಿ ಓಡಿಸಿಯಾರು.

ಜವರಾಯನ ವಾಹನ ಕೋಣ. ನಿಧಾನದ ಪ್ರಾಣಿ ಎಂದು ಹಗುರವಾಗಿ ಮಾತಾಡುವಂತಿಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರಿನ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಭಾಗಿಸಿದರೆ ಸೆಕೆಂಡಿಗೆ 10.46 ಮೀಟರ್. ಅದನ್ನು 3.6ರಿಂದ ಗುಣಿಸಿದರೆ ಗಂಟೆಗೆ ಹತ್ತಿರ ಹತ್ತಿರ 38 ಕಿ.ಮೀ. ಊರೆಲ್ಲ ಅದನ್ನು ಅವರ ವೇಗ ಎಂದು ಕೊಂಡಾಡಿತು. ಪಾಠದ ಭಾಷೆಯಲ್ಲಿ ಅದು ಸರಾಸರಿ ಜವ.

ಆಡುಮಾತಿಗೆ 'ವೇಗ' ಒಂದೇ ಸಾಕಾಗಿತ್ತು, ಭೌತವಿಜ್ಞಾನಕ್ಕೆ ಸಾಲಲಿಲ್ಲ. ಎಷ್ಟು ಬೇಗ ಎಂಬುದನ್ನಷ್ಟೇ ಹೇಳುವುದಕ್ಕೆ ಒಂದು ಪದ, ಎಷ್ಟು ಬೇಗ ಮತ್ತು ಯಾವ ಕಡೆಗೆ ಎಂಬ ಎರಡನ್ನೂ ಹೇಳುವುದಕ್ಕೆ ಇನ್ನೊಂದು ಪದ ಬೇಕಿತ್ತು. ಮೊದಲನೆಯದಕ್ಕೆ ಜವವನ್ನು ಕರೆತಂದು, ಎರಡನೆಯದಕ್ಕೆ ವೇಗವನ್ನು ಉಳಿಸಿಕೊಂಡರು. ದಾವಣಗೆರೆಯಿಂದ ಹರಿಹರ ಸುಮಾರು 14 ಕಿ.ಮೀ. ಬಸ್ಸು ಹರಿಹರ ಮುಟ್ಟಿ, ಒಂದು ಗಂಟೆಯೊಳಗೆ ದಾವಣಗೆರೆಯ ಅದೇ ನಿಲ್ದಾಣಕ್ಕೆ ವಾಪಸು ಬಂತು ಎನ್ನಿ. ಸಾಗಿದ ದೂರ 28 ಕಿ.ಮೀ., ಸರಾಸರಿ ಜವ ಗಂಟೆಗೆ 28 ಕಿ.ಮೀ. ಆದರೆ ಬಸ್ಸು ಹೊರಟ ಜಾಗದಲ್ಲೇ ನಿಂತಿದೆ. ಸ್ಥಾನಪಲ್ಲಟ ಸೊನ್ನೆ, ಸರಾಸರಿ ವೇಗವೂ ಸೊನ್ನೆ. 'ಹಂಗಾದ್ರೆ ಡೀಸೆಲ್ ಸುಟ್ಟಿದ್ದು ಯಾಕೆ ಸಾರ್' ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದರೆ ಮೇಷ್ಟ್ರು ಸಿಟ್ಟಾಗಬಾರದು. ಪಾಠ ತಲೆಗೆ ಹೋಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಡ್ರೈವರ್ ಮುಂದಿನ ಸ್ಪೀಡೋಮೀಟರಿನ ಮುಳ್ಳೂ ತೋರಿಸುವುದು ಜವವನ್ನೇ. ಬಸ್ಸು ಹರಿಹರಕ್ಕೆ ಹೊರಟಿದೆಯೋ ಹೊನ್ನಾಳಿಗೋ ಅದಕ್ಕೆ ಗೊತ್ತಿಲ್ಲ.

ಈ ಎರಡೂ ಪದಗಳು ಒಟ್ಟಿಗೇ ಬರುವ ಜಾಗವೊಂದು ಕೊಕ್ಕನೂರಿಗೆ ಬಲು ಹತ್ತಿರದ್ದು. ಈ ಊರಿನ ಹೆಸರು ಎತ್ತಿದರೆ ಸುತ್ತಲಿನವರಿಗೆ ನೆನಪಾಗುವುದು ಆಂಜನೇಯ. ಹನುಮನ ಗುಡಿಗಳಲ್ಲಿ ಹೇಳುವ ಪ್ರಸಿದ್ಧ ಸಂಸ್ಕೃತ ಸ್ತುತಿ ಅವನಿಗೆ ಮನಸ್ಸಿನ ಜವವನ್ನೂ ಗಾಳಿಯ ವೇಗವನ್ನೂ ಕೊಡುತ್ತದೆ. ಶ್ಲೋಕ ಕಟ್ಟಿದವರು ಭೌತವಿಜ್ಞಾನ ನೆನೆದು ಕಟ್ಟಿದ್ದಲ್ಲ, ಅಲ್ಲಿ ಎರಡಕ್ಕೂ ಅರ್ಥ ಒಂದೇ. ಆದರೂ ಹಂಚಿಕೆ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಗಾಳಿಗೆ ದಿಕ್ಕುಂಟು, ಪಡುವಣ ಗಾಳಿ, ಮೂಡಣ ಗಾಳಿ ಎಂದು ಹೆಸರಿಟ್ಟು ಕರೆಯುತ್ತೇವೆ. ಮನಸ್ಸು ಯಾವ ದಿಕ್ಕಿಗೆ ಓಡುತ್ತದೆ ಎಂದು ಹೇಳಬಲ್ಲವರು ಯಾರು? ಶನಿವಾರ ಗುಡಿಗೆ ಹೋಗುವ ಮಗುವಿಗೆ ಇಷ್ಟು ನೆನಪಿಸಿದರೆ ಪರೀಕ್ಷೆಯಲ್ಲಿ ಜವ ಯಾವುದು, ವೇಗ ಯಾವುದು ಎಂದು ತಡಕಾಡಬೇಕಿಲ್ಲ.

ಅದೇ ಪಠ್ಯದ ಇನ್ನೊಂದು ಪದವಾದ 'ಬಲ'ದ ಅದೃಷ್ಟವೇ ಬೇರೆ. ಪಠ್ಯಕ್ಕೆ ಬರುವ ಮೊದಲೇ ಅದು ಎಲ್ಲರ ಮನೆಯಲ್ಲಿತ್ತು: ತೋಳ್ಬಲ, ಹಣಬಲ, ಜನಬಲ, ಮದುವೆಗೆ ಗುರುಬಲ. ಬಲಕ್ಕೆ ಪರಿಮಾಣದ ಜೊತೆ ದಿಕ್ಕೂ ಇದೆ ಎಂದು ಪುಸ್ತಕ ಹೇಳುತ್ತದೆ. ಕನ್ನಡದಲ್ಲಂತೂ ಬಲ ಎಂದರೇ ಒಂದು ದಿಕ್ಕು. ಅದನ್ನು ಕಣ್ಣಾರೆ ನೋಡಬೇಕಾದರೆ ಜಾತ್ರೆಗೆ ಹೋಗಬೇಕು. ಹರಿಹರದಲ್ಲಿ, 1224ರಲ್ಲಿ ಪೋಲಾಳ್ವ ದಂಡನಾಥ ಕಟ್ಟಿಸಿದ ಹರಿಹರೇಶ್ವರನ ಗುಡಿಯ ಮುಂದೆ ತೇರು ಎಳೆಯುವಾಗ ನ್ಯೂಟನ್ನನ ನಿಯಮಗಳೆಲ್ಲ ಬೀದಿಗೆ ಬರುತ್ತವೆ. ನಿಂತ ತೇರು ಮೊದಲ ಎಳೆತಕ್ಕೆ ಜಗ್ಗುವುದಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ ಎಳೆದರೆ ಬಲಗಳು ತಮ್ಮತಮ್ಮಲ್ಲೇ ಕಳೆದುಹೋಗುತ್ತವೆ. ಹಗ್ಗ ಬಿಗಿಯಾಗಿ, ಎಲ್ಲರ ಎಳೆತ ಒಂದೇ ದಿಕ್ಕಿಗೆ ಕೂಡಿ, ಹಿಂದಿನಿಂದ ಗಾಲಿಗೆ ಸನ್ನೆಗೋಲು ಮೀಟಿದಾಗ ತೇರು ಕದಲುತ್ತದೆ. ಕದಲಿದ ಮೇಲೆ ಅಷ್ಟು ಬಲ ಬೇಡ, ಏಕೆಂದರೆ ನಿಂತ ವಸ್ತುವನ್ನು ಹಿಡಿದಿಡುವ ಘರ್ಷಣೆ ಚಲಿಸುವಾಗ ತಗ್ಗುತ್ತದೆ. ಆಗ ನಿಲ್ಲಿಸುವುದೇ ಕಷ್ಟ. ಅದಕ್ಕೇ ಗಾಲಿಗೆ ಅಡ್ಡ ಮರದ ತುಂಡು ಕೊಡುವವರು ತೇರಿನ ಮೈಗೆ ಅಂಟಿಕೊಂಡೇ ನಡೆಯುತ್ತಾರೆ. ಜಡತ್ವ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಜವಕ್ಕೆ ಇಂಥ ನೆಂಟರಿಲ್ಲ. ಪರೀಕ್ಷೆ ಮುಗಿದ ಮಾರನೇ ದಿನ ಮಕ್ಕಳು ಅದನ್ನು ಪುಸ್ತಕದಲ್ಲೇ ಬಿಟ್ಟು 'ಸ್ಪೀಡು' ಎನ್ನುತ್ತಾರೆ. ದಿಕ್ಕಿಲ್ಲದ ಪದ ಎನ್ನುವುದು ಅದರ ವ್ಯಾಖ್ಯೆಯೂ ಹೌದು, ಅದರ ಪಾಡೂ ಹೌದು. ಅದಕ್ಕೆ ಬದಲಿ ಹುಡುಕಬೇಕಿಲ್ಲ. ಎರಡೇ ಅಕ್ಷರ, ಬರೆಯಲು ಸಲೀಸು, ಅರ್ಥ ಖಚಿತ.

ಈ ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ವ್ಯಾಖ್ಯೆಯನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಮಕ್ಕಳನ್ನು ಶಾಲೆಯ ಅಂಗಳಕ್ಕೆ ಇಳಿಸಿ. ಟೇಪು ಹಿಡಿದು 20 ಮೀಟರ್ ಅಳೆಸಿ, ಒಬ್ಬಳು ನಡೆಯಲಿ, ಒಬ್ಬ ಓಡಲಿ, ಇನ್ನೊಬ್ಬರು ಗಡಿಯಾರ ನೋಡಲಿ. ಭಾಗಾಕಾರ ಮಾಡಿ ಬಂದ ಸಂಖ್ಯೆಯ ಪಕ್ಕದಲ್ಲಿ 'ಜವ' ಎಂದು ಮಕ್ಕಳ ಕೈಯಲ್ಲೇ ಬರೆಸಿ.